ಸಮನ್ಸ್ ಬಂದ್ರೆ ಕಳ್ಳ ಅಂತಲ್ಲ

ಭಾಗ 1

ಒಂದು ಪ್ರಶ್ನೆ. ಕಮೆಂಟಲ್ಲಿ ಹೇಳ್ಬೇಡಿ, ಮನಸ್ಸಲ್ಲೇ ಉತ್ರ ಕೊಟ್ಕೊಳ್ಳಿ. ಪಕ್ಕದ ಮನೆಗೆ ಕೋರ್ಟಿನ ಸಮನ್ಸ್ ಹಿಡ್ಕೊಂಡು ಪೊಲೀಸ್ ಬಂದ್ರೆ ನಿಮ್ಮ ತಲೇಲಿ ಮೊದ್ಲು ಎಂತ ಬರ್ತದೆ? "ಎಂತ ಮಾಡ್ದ ಅಂವ?" ಅಂತ ತಾನೇ?

ಭಟ್ಕಳ ಆಗ್ಲಿ, ಹೊನ್ನಾವರ ಆಗ್ಲಿ, ಕುಮಟಾ ಆಗ್ಲಿ, ನಮ್ಮ ಕಡೆ ಸುದ್ದಿ ಬಸ್ಸಿಗಿಂತ ಬೇಗ ಊರು ಮುಟ್ತದೆ. ಮಧ್ಯಾಹ್ನ ಸಮನ್ಸ್ ಬಂದ್ರೆ ಸಂಜೆ ಮೀನು ಪೇಟೇಲಿ ಅದು "ಕೇಸ್" ಆಗಿರ್ತದೆ, ಮರುದಿನ ಬೆಳಿಗ್ಗೆ ಚಾ ಅಂಗಡೀಲಿ "ಮೋಸ" ಆಗಿರ್ತದೆ. ಸಮನ್ಸ್ ಅಂದ್ರೆ ಎಂತದು, ಅದನ್ನ ಕಳಿಸುವ ಮೊದ್ಲು ಮ್ಯಾಜಿಸ್ಟ್ರೇಟರು ಎಂತ ನೋಡ್ಬೇಕು, ಅವ್ರು ಕಳಿಸಿದ್ದು ಸರಿ ಇಲ್ಲ ಅಂತ ಪ್ರಶ್ನೆ ಮಾಡ್ಲಿಕ್ಕೆ ಆಗ್ತದಾ? ಇದನ್ನ ನಮ್ಗೆ ಯಾರೂ ಹೇಳಿಕೊಟ್ಟಿಲ್ಲ. ಬಿಸಿನೆಸ್ ಲಾ ಪೇಪರಲ್ಲಿ ಚೆಕ್ ಬೌನ್ಸ್ ಹತ್ತು ಮಾರ್ಕ್ಸಿಗೆ ಬರ್ತದೆ. ನಮ್ಮ ಮನೇಲಿ ಅದು ಹದಿನಾಲ್ಕು ತಿಂಗ್ಳು ಬಂತು. ಅದ್ಕೇ ಈ ಸೀರೀಸ್. ಉದ್ದ ಉಂಟು, ಸೇವ್ ಮಾಡಿ ನಿಧಾನ ಓದಿ.

ಭಾಗ 2

ನನ್ನ ಚಿಕ್ಕಪ್ಪ ಮೊದ್ಲು ಇಬ್ರು ಗೆಳೆಯರ ಜೊತೆ ಐಸ್ ಸಪ್ಲೈ ಮಾಡುವ ಒಂದು ಪಾರ್ಟ್ನರ್‌ಶಿಪ್ ಫರ್ಮಲ್ಲಿದ್ರು. ಬೋಟಿಗೆ ಐಸ್, ಮೀನಿನ ಲಾರಿಗೆ ಐಸ್. 2019ರಲ್ಲಿ ಲೆಕ್ಕ ಚುಕ್ತಾ ಮಾಡಿ ಹೊರಗೆ ಬಂದ್ರು. ರಿಟೈರ್ಮೆಂಟ್ ಡೀಡ್ ಆಯ್ತು. ರಿಜಿಸ್ಟ್ರಾರ್ ಆಫ್ ಫರ್ಮ್ಸ್‌ಗೆ ತಿಳಿಸಿದ್ದಾಯ್ತು, ಗೆಜೆಟ್ಟಲ್ಲಿ ಹಾಕಿಸಿದ್ದಾಯ್ತು, ಕನ್ನಡ ಪೇಪರಲ್ಲಿ ಪ್ರಕಟಣೆಯೂ ಆಯ್ತು. ನಾವು ಪಾಲುದಾರಿಕೆ ಕಾಯ್ದೆಯ 72ನೇ ಸೆಕ್ಷನ್ ಅಂತ ಬಾಯಿಪಾಠ ಮಾಡ್ತೇವಲ್ಲ, ಪಬ್ಲಿಕ್ ನೋಟಿಸ್, ಅದೇ.

2023ರಲ್ಲಿ ಆ ಫರ್ಮ್ ಘಟ್ಟದ ಮೇಲಿನ ಒಬ್ಬ ವ್ಯಾಪಾರಿಗೆ ಕೊಟ್ಟ ಚೆಕ್ ಬೌನ್ಸ್ ಆಯ್ತು. ವ್ಯಾಪಾರಿಯ ಖಾತೆ ಇರುವ ಬ್ಯಾಂಕ್ ಶಾಖೆ ಯಾವ ಊರಲ್ಲಿ ಉಂಟೋ ಆ ಊರಿನ ಕೋರ್ಟಲ್ಲಿ ಕೇಸ್ ಹಾಕ್ಬೇಕು, 2015ರ ತಿದ್ದುಪಡಿ ಹಾಗೆ ಹೇಳ್ತದೆ. ಹಾಕಿದ್ರು. ದೂರಿಗೆ ಫರ್ಮಿನ ಹಳೇ ಲೆಟರ್‌ಹೆಡ್ ಇಟ್ರು. ಅದ್ರಲ್ಲಿ ಮೂರು ಹೆಸ್ರು. ಮೂರೂ ಜನ ಆರೋಪಿಗಳಾದ್ರು.

ಚೆಕ್ಕಿನ ಮೇಲೆ ಚಿಕ್ಕಪ್ಪನ ಸಹಿ ಇಲ್ಲ. ಚೆಕ್ ಬರೆಯುವ ಹೊತ್ತಿಗೆ ಅವ್ರು ಫರ್ಮ್ ಬಿಟ್ಟು ನಾಲ್ಕು ವರ್ಷ ಆಗಿತ್ತು. ಆದ್ರೂ ಸಮನ್ಸ್ ಬಂತು. ಆದೇಶದ ನಕಲು ತೆಗೆಸಿ ನೋಡಿದ್ರೆ ಮೊದ್ಲೇ ಅಚ್ಚಾದ ನಮೂನೆ. ಖಾಲಿ ಜಾಗದಲ್ಲಿ ಕೇಸ್ ನಂಬರ್ ಮತ್ತೆ ತಾರೀಖು ಪೆನ್ನಲ್ಲಿ ತುಂಬಿದ್ದು. ಮೂರನೇ ಆರೋಪಿ ಯಾಕೆ ಆರೋಪಿ ಅನ್ನೋದಕ್ಕೆ ಒಂದು ಸಾಲೂ ಇಲ್ಲ.

ಭಾಗ 3

ಈಗ ಸ್ವಲ್ಪ ಥಿಯರಿ. ಬೋರ್ ಆಗುದಿಲ್ಲ, ಮಾತು ಕೊಡ್ತೇನೆ.

ಪೊಲೀಸ್ ಸ್ಟೇಷನ್ನಿಗೆ ಹೋಗದೆ ನೇರ ಮ್ಯಾಜಿಸ್ಟ್ರೇಟ್ ಹತ್ರ ಕೊಡುವ ದೂರಿಗೆ ಖಾಸಗಿ ದೂರು ಅಂತಾರೆ. ಚೆಕ್ ಬೌನ್ಸ್ ಕೇಸು, ಮಾನನಷ್ಟದ ಕೇಸು ಹೆಚ್ಚಾಗಿ ಹೀಗೇ ಬರುದು. ದೂರು ಬಂದ ಕೂಡ್ಲೇ ಎದುರಿನವ ಆರೋಪಿ ಆಗುದಿಲ್ಲ. ದೂರು ಮತ್ತೆ ಸಾಕ್ಷಿಗಳ ಹೇಳಿಕೆ ನೋಡಿ ಮ್ಯಾಜಿಸ್ಟ್ರೇಟರು "ಇದನ್ನ ವಿಚಾರಣೆಗೆ ತಗೊಳ್ಳಬಹುದು" ಅಂತ ಮನಸ್ಸು ಮಾಡ್ಬೇಕು. ಇದು ಕಾಗ್ನಿಜೆನ್ಸ್. ಆಮೇಲೆ "ಮುಂದುವರಿಯಲು ಸಾಕಷ್ಟು ಆಧಾರ ಉಂಟು" ಅನ್ನಿಸಿದ್ರೆ ಸಮನ್ಸ್. ಹಳೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 204ನೇ ಸೆಕ್ಷನ್. 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 227.

ಇಲ್ಲಿ ಕೇಳುವ ಪ್ರಶ್ನೆ "ತಪ್ಪು ಮಾಡಿದ್ದಾನಾ?" ಅಂತಲ್ಲ. "ತಪ್ಪು ಮಾಡಿದ್ದಾನಾ ಅಂತ ವಿಚಾರಿಸ್ಲಿಕ್ಕೆ ಕಾರಣ ಉಂಟಾ?" ಅಂತ. ಇವೆರಡ್ರ ಮಧ್ಯೆ ಶರಾವತಿ ಸೇತುವೆಯಷ್ಟು ದೂರ ಉಂಟು. ಊರವ್ರು ಅದನ್ನ ಒಂದೇ ಜಿಗಿತದಲ್ಲಿ ದಾಟ್ತಾರೆ.

ಭಾಗ 4

ಹಾಗಾದ್ರೆ ಸಮನ್ಸ್ ಕಳಿಸುದು ಬರೀ ಗುಮಾಸ್ತರ ಕೆಲಸವಾ? ಅಲ್ಲ.

1997ರಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಕೇಸ್ ಹೋಗಿತ್ತು. ಲಖನೌದಲ್ಲಿ ಒಬ್ರು ಲೆಹರ್ ಪೆಪ್ಸಿ ಬಾಟ್ಲಿ ಕೆಟ್ಟದಿತ್ತು ಅಂತ ದೂರು ಕೊಟ್ಟು, ಮ್ಯಾಜಿಸ್ಟ್ರೇಟರು ಕಂಪನಿಗೆ ಸಮನ್ಸ್ ಕಳಿಸಿದ್ರು. ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡ್ತು. ಒಬ್ಬ ವ್ಯಕ್ತಿಯನ್ನ ಕ್ರಿಮಿನಲ್ ಕೇಸಲ್ಲಿ ಕರೆಸುದು ಗಂಭೀರ ವಿಷಯ, ಯಂತ್ರದ ಹಾಗೆ ಮಾಡ್ಬಾರ್ದು, ಮ್ಯಾಜಿಸ್ಟ್ರೇಟರು ತಲೆ ಓಡಿಸಿದ್ದು ಆದೇಶದಲ್ಲಿ ಕಾಣ್ಬೇಕು ಅಂತ ಅದ್ರ ಸಾರಾಂಶ. ಪೆಪ್ಸಿ ಫುಡ್ಸ್ ಪ್ರಕರಣ ಅಂತ ವಕೀಲರೆಲ್ಲ ಇವತ್ತಿಗೂ ಹೇಳುದು ಇದನ್ನೇ.

ಆದ್ರೆ ಇನ್ನೊಂದು ಸಾಲಿನ ತೀರ್ಪುಗಳೂ ಉಂಟು. 2012ರ ಭೂಷಣ್ ಕುಮಾರ್ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್, ಸಮನ್ಸ್ ಆದೇಶಕ್ಕೆ ಕಾರಣ ಬರೀಲೇಬೇಕು ಅಂತ ಕಾನೂನು ಹೇಳುದಿಲ್ಲ ಅಂತು. 2015ರ ಮೆಹಮೂದ್ ಉಲ್ ರೆಹಮಾನ್ ಪ್ರಕರಣದಲ್ಲಿ, ಉದ್ದ ಬರೀಬೇಕಾಗಿಲ್ಲ, ಆದ್ರೆ ಮನಸ್ಸು ಕೊಟ್ಟು ನೋಡಿದ್ದು ಗೊತ್ತಾಗ್ಬೇಕು ಅಂತು. ಈ ಎರಡ್ರ ನಡುವಿನ ಸಣ್ಣ ಜಾಗದಲ್ಲೇ ನಮ್ಮ ಚಿಕ್ಕಪ್ಪನಂಥವ್ರ ಅರ್ಜಿ ನಿಲ್ಲುದು ಅಥವಾ ಬೀಳುದು.

ಭಾಗ 5

ಈಗ ನಮ್ಮ ರಾಜ್ಯದ ಕೇಸ್. 1976, ನಾಗವ್ವ ಪ್ರಕರಣ. ಲಾ ಓದುವವ್ರಿಗೆಲ್ಲ ಇದು ಅಆಇಈ.

ಒಬ್ಬ ಹೆಂಗಸು ಕೊಲೆಯ ದೂರು ಕೊಟ್ಟಿದ್ರು. ಮ್ಯಾಜಿಸ್ಟ್ರೇಟರು ಸಮನ್ಸ್ ಆದೇಶ ಮಾಡಿದ್ರು. ಆರೋಪಿಗಳು ಹೈಕೋರ್ಟಿಗೆ ಹೋಗಿ ಅದನ್ನ ರದ್ದು ಮಾಡಿಸಿಕೊಂಡ್ರು. ಆಯಮ್ಮ ಬಿಡ್ಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದ್ರು. ನ್ಯಾಯಮೂರ್ತಿ ಫಜಲ್ ಅಲಿ ಬರೆದ ತೀರ್ಪು ಹೈಕೋರ್ಟಿನ ಆದೇಶ ತೆಗೆದುಹಾಕಿ ಮ್ಯಾಜಿಸ್ಟ್ರೇಟರ ಆದೇಶವನ್ನ ಎತ್ತಿ ಹಿಡೀತು. ಸಮನ್ಸ್ ಹಂತದಲ್ಲಿ ಆರೋಪಿಯ ಸಮರ್ಥನೆ ತೂಗಿ ನೋಡುವ ಹಾಗಿಲ್ಲ, ಶಿಕ್ಷೆ ಆಗ್ತದಾ ಅಂತ ಲೆಕ್ಕ ಹಾಕುವ ಹಾಗಿಲ್ಲ ಅಂತ ಹೇಳ್ತು.

ಮತ್ತೆ, ಸಮನ್ಸ್ ಆದೇಶ ಯಾವಾಗ ರದ್ದಾಗಬಹುದು ಅಂತ ನಾಲ್ಕು ಉದಾಹರಣೆ ಕೊಡ್ತು. ಒಂದು, ದೂರಲ್ಲಿ ಬರ್ದದ್ದೆಲ್ಲ ಸತ್ಯ ಅಂತ ಒಪ್ಪಿದ್ರೂ ಅಪರಾಧ ಆಗ್ದೇ ಇದ್ರೆ. ಎರಡು, ಯಾರೂ ನಂಬ್ಲಿಕ್ಕೆ ಸಾಧ್ಯವೇ ಇಲ್ಲದ ಅಸಂಬದ್ಧ ಆರೋಪ ಆಗಿದ್ರೆ. ಮೂರು, ಮ್ಯಾಜಿಸ್ಟ್ರೇಟರು ಯಾವ ಸಾಕ್ಷ್ಯವೂ ಇಲ್ಲದೆ ಮನಸ್ಸಿಗೆ ಬಂದ ಹಾಗೆ ಆದೇಶ ಮಾಡಿದ್ರೆ. ನಾಲ್ಕು, ಬೇಕಾದ ಪೂರ್ವಾನುಮತಿ ಇಲ್ಲ, ದೂರು ಕೊಡ್ಬೇಕಾದವ್ರು ಕೊಟ್ಟಿಲ್ಲ, ಇಂಥ ಬುಡದ ದೋಷ ಇದ್ರೆ.

ಈ ನಾಲ್ಕು ಸಾಲು ಬರ್ದಿಟ್ಕೊಳ್ಳಿ. ಐವತ್ತು ವರ್ಷದ ಹಿಂದಿಂದು, ಆದ್ರೂ ಇನ್ನೂ ಬಳಕೇಲಿ ಉಂಟು.

ಭಾಗ 6

ಸಮನ್ಸ್ ತಪ್ಪಾಗಿ ಬಂದ್ರೆ ಅದನ್ನ ಕಳಿಸಿದ ಮ್ಯಾಜಿಸ್ಟ್ರೇಟರ ಹತ್ರವೇ ಹೋಗಿ "ಸ್ವಾಮಿ, ವಾಪಸ್ ತಗೊಳ್ಳಿ" ಅನ್ಲಿಕ್ಕೆ ಆಗ್ತದಾ? ಚಿಕ್ಕಪ್ಪ ಮೊದ್ಲು ಕೇಳಿದ್ದೂ ಇದೇ. ಆಗುದಿಲ್ಲ. 2004ರ ಅದಾಲತ್ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಬಾಗಿಲು ಮುಚ್ಚಿತು. ಮೇಲೆಯೇ ಹೋಗ್ಬೇಕು.

ಎರಡು ದಾರಿ. ಒಂದು, 90 ದಿನದ ಒಳಗೆ ರಿವಿಷನ್ ಅರ್ಜಿ. ಇದನ್ನ ಸೆಷನ್ಸ್ ಕೋರ್ಟಲ್ಲೇ ಹಾಕ್ಬಹುದು. ಇನ್ನೊಂದು ಹೈಕೋರ್ಟಿನ ಅಂತರ್ಗತ ಅಧಿಕಾರ, ಹಳೇ 482, ಈಗ 528. ನಮ್ಮ ಉತ್ತರ ಕನ್ನಡಕ್ಕೆ ಹೈಕೋರ್ಟ್ ಅಂದ್ರೆ ಧಾರವಾಡ ಪೀಠ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆದದ್ದು. ಅದಕ್ಕೂ ಮೊದ್ಲು ನಮ್ಮ ಕಡೆಯವ್ರು ಬೆಂಗಳೂರಿಗೇ ಓಡ್ಬೇಕಿತ್ತು. ಈಗ ಘಟ್ಟ ಹತ್ತಿದ್ರೆ ಸಾಕು.

"ಸಾಕು" ಅಂದೆ. ಫೀಸಿಗೆ ಚಿಕ್ಕಮ್ಮನ ಎರಡು ಬಳೆ ಸೊಸೈಟೀಲಿ ಅಡ ಇಟ್ಟಾಯ್ತು.

ಅರ್ಜಿಯಲ್ಲಿ ಎರಡು ಅಂಶ ಇತ್ತು. ಮೊದಲ್ನೇದು, ಚೆಕ್ ಕಾಯ್ದೆಯ 141ನೇ ಸೆಕ್ಷನ್ ಪ್ರಕಾರ ಅಪರಾಧ ಆದ ಹೊತ್ತಿಗೆ ವ್ಯವಹಾರ ನೋಡ್ಕೊಳ್ತಿದ್ದವ್ರು ಮಾತ್ರ ಹೊಣೆ. 2011ರ ಹರ್ಷೇಂದ್ರ ಕುಮಾರ್ ಪ್ರಕರಣದಲ್ಲಿ, ರಾಜೀನಾಮೆ ಕೊಟ್ಟ ಮೇಲೆ ಕಂಪನಿ ಕೊಟ್ಟ ಚೆಕ್ಕಿಗೆ ಮಾಜಿ ನಿರ್ದೇಶಕ ಹೊಣೆ ಅಲ್ಲ, ಅನುಮಾನಕ್ಕೆ ಎಡೆಯಿಲ್ಲದ ದಾಖಲೆ ಇದ್ರೆ ಹೈಕೋರ್ಟ್ ಅದನ್ನ ಈ ಹಂತದಲ್ಲೇ ನೋಡ್ಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ಎರಡನೇದು, ಆರೋಪಿ ಬೇರೆ ಊರಿನವ ಆದ್ರೆ ಸಮನ್ಸಿಗೆ ಮೊದ್ಲು ಮ್ಯಾಜಿಸ್ಟ್ರೇಟರು ಒಂದು ಸಣ್ಣ ವಿಚಾರಣೆ ಮಾಡ್ಲೇಬೇಕು. ಚೆಕ್ ಕೇಸಿಗೂ ಇದು ಅನ್ವಯ ಅಂತ 2021ರಲ್ಲಿ ಐದು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಅದಕ್ಕೆ ಪ್ರಮಾಣಪತ್ರ, ದಾಖಲೆ ನೋಡಿದ್ರೂ ಆಗ್ತದೆ. ಆದ್ರೆ ನೋಡ್ಬೇಕು.

ಭಾಗ 7

ಹದಿನಾಲ್ಕು ತಿಂಗ್ಳ ಮೇಲೆ ಚಿಕ್ಕಪ್ಪನ ಮಟ್ಟಿಗೆ ಕೇಸ್ ರದ್ದಾಯ್ತು. ಉಳಿದ ಇಬ್ರ ಮೇಲೆ ಮುಂದುವರೀತು. ಗೆದ್ವಲ್ಲ, ಪಾರ್ಟಿ ಎಲ್ಲಿ ಅಂತ ಕೇಳ್ಬೇಡಿ.

ಆ ಹದಿನಾಲ್ಕು ತಿಂಗ್ಳ ಮಧ್ಯೆ ಅವ್ರ ಪಾಸ್‌ಪೋರ್ಟ್ ಅವಧಿ ಮುಗೀತು. ಮಸ್ಕತ್ತಲ್ಲಿ ಒಂದು ಗೋದಾಮಿನ ಕೆಲಸ ಹೆಚ್ಚುಕಮ್ಮಿ ಗಟ್ಟಿ ಆಗಿತ್ತು. ಕ್ರಿಮಿನಲ್ ಕೇಸ್ ಕೋರ್ಟಲ್ಲಿ ಬಾಕಿ ಇದ್ರೆ ಪಾಸ್‌ಪೋರ್ಟ್ ಕಾಯ್ದೆಯ 6ನೇ ಸೆಕ್ಷನ್ ಅಡ್ಡ ಬರ್ತದೆ, ಆ ಕೋರ್ಟಿನ ಅನುಮತಿ ತರ್ಬೇಕು. ಅನುಮತಿಗೆ ಅರ್ಜಿ, ಅರ್ಜಿಗೆ ತಾರೀಖು, ತಾರೀಖಿಗೆ ಬಸ್ಸು. ಅಷ್ಟ್ರಲ್ಲಿ ಆ ಕೆಲಸಕ್ಕೆ ಬೇರೆ ಯಾರೋ ಹೋದ್ರು.

ಭಟ್ಕಳದ ಗೆಳೆಯರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ನಿಮ್ಮಲ್ಲಿ ಗಲ್ಫಿಗೆ ಒಬ್ರಾದ್ರೂ ಹೋಗದ ಮನೆ ಕಡಿಮೆ. ಒಂದು ಸಮನ್ಸಿಗೆ ಒಂದು ಮನೆಯ ವರ್ಷದ ಅನ್ನ ನಿಲ್ಲಿಸುವ ಶಕ್ತಿ ಉಂಟು. ತೀರ್ಪು ನಮ್ಮ ಕಡೆ ಬಂದ ದಿನ ಚಿಕ್ಕಪ್ಪ ಹೇಳಿದ್ದು ಒಂದೇ ಮಾತು: "ನಾ ಎಂತ ಮಾಡ್ಲಿಲ್ಲ ಹೇಳಿ ಬರ್ಸ್ಕಂಡು ಬರ್ಲಿಕ್ಕೆ ಇಷ್ಟು ಖರ್ಚಾಯ್ತು ನೋಡು."

ಭಾಗ 8

ಇಲ್ಲಿಗೇ ನಿಲ್ಸಿದ್ರೆ ನೀವೆಲ್ಲ ನನ್ನ ಕಡೆ ಆಗ್ತೀರಿ. ಅದು ಸರಿ ಅಲ್ಲ. ಇದೇ ಬಾಗಿಲಿನ ಇನ್ನೊಂದು ಬದೀನೂ ನೋಡಿ.

ನಮ್ಮ ಓಣೀಲಿ ಮೀನು ಮಾರುವ ಒಬ್ರು ಅಕ್ಕ ಇದ್ದಾರೆ. ಮಗಳ ಮದ್ವೆಗೆ ಅಂತ ಸೇರಿಸಿಟ್ಟ ದುಡ್ಡಲ್ಲಿ ಒಂದು ಲಕ್ಷದ ಎಂಬತ್ತು ಸಾವಿರ ಪರಿಚಯದ ಒಬ್ಬನಿಗೆ ಕೈಗಡ ಕೊಟ್ರು. ಅಂವ ಕೊಟ್ಟ ಚೆಕ್ ಬೌನ್ಸ್. ಅಕ್ಕ ಎಲ್ಲಾ ಕ್ರಮವಾಗಿಯೇ ಮಾಡಿದ್ರು: ಬ್ಯಾಂಕಿನ ಮೆಮೊ ಬಂದು 30 ದಿನದ ಒಳಗೆ ನೋಟಿಸ್, ನೋಟಿಸ್ ಮುಟ್ಟಿ 15 ದಿನ ಕಾದದ್ದು, ಅದಾಗಿ ಒಂದು ತಿಂಗ್ಳ ಒಳಗೆ ದೂರು. ಸಮನ್ಸ್ ಆಯ್ತು. ಅಂವ ಎಂತ ಮಾಡ್ದ? ಸಮನ್ಸೇ ಸರಿ ಇಲ್ಲ ಅಂತ ಮೇಲೆ ಅರ್ಜಿ ಹಾಕಿ ತಡೆಯಾಜ್ಞೆ ತಂದ. ಎರಡು ವರ್ಷ. ಕೊನೆಗೆ ಅರ್ಜಿ ವಜಾ ಆಯ್ತು, ಕೇಸ್ ಮತ್ತೆ ಕೆಳಗೆ ಬಂತು, ಒಂದನೇ ಮೆಟ್ಟಿಲಿಗೆ.

2018ರಲ್ಲಿ ಸುಪ್ರೀಂ ಕೋರ್ಟ್ ಇಂಥ ತಡೆಯಾಜ್ಞೆಗಳು ಆರು ತಿಂಗ್ಳಿಗೆ ತಾವಾಗಿಯೇ ಮುಗೀತವೆ ಅಂತ ಹೇಳಿತ್ತು. 2024ರ ಫೆಬ್ರವರಿ 29ಕ್ಕೆ ಐದು ನ್ಯಾಯಮೂರ್ತಿಗಳ ಪೀಠ ಅದನ್ನ ತೆಗೆದುಹಾಕ್ತು. ಯಾರದ್ದೂ ತಪ್ಪಿಲ್ಲದೆ, ಬರೀ ಕೋರ್ಟಿನ ದಟ್ಟಣೆಯಿಂದ ಒಬ್ಬನ ರಕ್ಷಣೆ ಹೋಗ್ಬಾರ್ದು ಅನ್ನೋ ಮಾತಲ್ಲಿ ನ್ಯಾಯ ಉಂಟು. ಆದ್ರೆ ಅಕ್ಕನಿಗೆ ಅದನ್ನ ಹೇಗೆ ವಿವರಿಸುದು? ಅವ್ರು ಮೀನು ಬುಟ್ಟಿ ಇಳಿಸಿ ನನ್ನ ಕೇಳಿದ್ರು: "ತಂಗಿ, ನೀ ಕಾಲೇಜ್ ಓದುವಳು. ನನ್ನ ಕೇಸ್ ಶುರು ಆಗುದು ಯಾವಾಗ?"

ದಟ್ಟಣೆ ಅಂದ್ನಲ್ಲ, ಲೆಕ್ಕ ನೋಡಿ. 2019ರ ಕೊನೆಗೆ ದೇಶದಲ್ಲಿ ಬಾಕಿ ಇದ್ದ ಕ್ರಿಮಿನಲ್ ಕೇಸು 2.31 ಕೋಟಿ. ಅದ್ರಲ್ಲಿ 35.16 ಲಕ್ಷ ಬರೀ ಚೆಕ್ ಬೌನ್ಸ್. ಇದು 2021ರ ಅದೇ ಸುಪ್ರೀಂ ಕೋರ್ಟ್ ಆದೇಶದಲ್ಲೇ ಇರುವ ಅಂಕಿ. ಅಚ್ಚಾದ ನಮೂನೆ ಎಲ್ಲಿಂದ ಹುಟ್ತದೆ ಅಂತ ಈಗ ಗೊತ್ತಾಯ್ತಲ್ಲ.

ಭಾಗ 9

ಹೊಸ ಕಾನೂನಲ್ಲಿ ಒಂದು ದೊಡ್ಡ ಬದಲಾವಣೆ ಉಂಟು. ಮೊದ್ಲು ಸಮನ್ಸ್ ಬರುವ ತನಕ ಆರೋಪಿಗೆ ಕೋರ್ಟಲ್ಲಿ ಬಾಯಿ ಇರ್ಲಿಲ್ಲ. ಈಗ 223ನೇ ಸೆಕ್ಷನ್ ಪ್ರಕಾರ ಖಾಸಗಿ ದೂರಲ್ಲಿ, ಆರೋಪಿಗೆ ಮಾತಾಡ್ಲಿಕ್ಕೆ ಅವಕಾಶ ಕೊಡದೆ ಕಾಗ್ನಿಜೆನ್ಸ್ ತಗೊಳ್ಳುವ ಹಾಗಿಲ್ಲ.

ಆದ್ರೆ ಆ ನೋಟಿಸ್ ಯಾವಾಗ ಕೊಡ್ಬೇಕು? ಈ ಪ್ರಶ್ನೆ ನಮ್ಮ ಹೈಕೋರ್ಟಿಗೇ ಬಂತು. ಸಚಿವ ಶಿವಾನಂದ ಪಾಟೀಲರು ಶಾಸಕ ಬಸನಗೌಡ ಪಾಟೀಲ ಯತ್ನಾಳರ ಮೇಲೆ ಮಾನನಷ್ಟದ ದೂರು ಕೊಟ್ಟಿದ್ರು. ಮ್ಯಾಜಿಸ್ಟ್ರೇಟ್ ಕೋರ್ಟ್ ದೂರುದಾರರ ಪ್ರಮಾಣ ಹೇಳಿಕೆ ತಗೊಳ್ಳುವ ಮೊದ್ಲೇ ಯತ್ನಾಳರಿಗೆ ನೋಟಿಸ್ ಕಳಿಸ್ತು. 2024ರ ಸೆಪ್ಟೆಂಬರಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅದನ್ನ ರದ್ದು ಮಾಡಿ ಕ್ರಮ ಬಿಡಿಸಿ ಹೇಳಿದ್ರು: ಮೊದ್ಲು ದೂರುದಾರ ಮತ್ತೆ ಸಾಕ್ಷಿಗಳ ಪ್ರಮಾಣ ಹೇಳಿಕೆ, ಆಮೇಲೆ ಆ ಹೇಳಿಕೆಗಳ ಸಮೇತ ಆರೋಪಿಗೆ ನೋಟಿಸ್, ಅವ್ರ ಮಾತು ಕೇಳಿದ ಮೇಲೆ ಕಾಗ್ನಿಜೆನ್ಸ್. ಕೇಸ್ ಮತ್ತೆ ಮ್ಯಾಜಿಸ್ಟ್ರೇಟರ ಹತ್ರ ಹೋಯ್ತು. ಎಂತಕ್ಕೆ ಕರೆದ್ರು ಅಂತ ಗೊತ್ತಿಲ್ಲದವ ಬಂದು ಮಾತಾಡುದಾದ್ರೂ ಎಂತ, ಅಲ್ವಾ?

ಹಾಗಾದ್ರೆ ಈಗ ಚಿಕ್ಕಪ್ಪನಂಥವ್ರಿಗೆ ಮೊದ್ಲೇ ನೋಟಿಸ್ ಸಿಗ್ತದಾ? ಇಲ್ಲ. ಚೆಕ್ ಕೇಸಿಗೆ ಈ ನೋಟಿಸ್ ಬೇಡ ಅಂತ ಕರ್ನಾಟಕ ಹೈಕೋರ್ಟ್ ಹೇಳ್ತು, 2025ರ ಸೆಪ್ಟೆಂಬರಲ್ಲಿ ಗೋವಾದ ಒಂದು ಕೇಸಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಒಪ್ಪಿಕೊಳ್ತು. ಚೆಕ್ ಕಾಯ್ದೆ ವಿಶೇಷ ಕಾನೂನು, ಅದ್ರಲ್ಲಿ ವೇಗ ಮುಖ್ಯ ಅಂತ. ಈ ತೀರ್ಪು ಅಕ್ಕನಿಗೆ ಒಳ್ಳೇದು, ಚಿಕ್ಕಪ್ಪನಿಗೆ ಅಲ್ಲ. ಒಂದೇ ಓಣಿ, ಎರಡು ಮನೆ.

ಭಾಗ 10

ನಾನು ಇಷ್ಟು ದಿನ ಯೋಚ್ನೆ ಮಾಡಿ ತಲುಪಿದ ಜಾಗ ಇದು. ನೀವು ಒಪ್ಪದೇ ಇರ್ಬಹುದು, ಕಮೆಂಟಲ್ಲಿ ಜಗಳ ಆಡಿ.

ಸಮನ್ಸ್ ಆದೇಶದಲ್ಲಿ ಮೂರೇ ಸಾಲು ಕಾರಣ ಬರ್ದಿದ್ರೆ ಇಬ್ರಿಗೂ ಉಪಕಾರ ಆಗ್ತಿತ್ತು. "ಮೂರನೇ ಆರೋಪಿಯ ಸಹಿ ಇಲ್ಲ, ಅವ್ರು ವ್ಯವಹಾರ ನೋಡ್ತಿದ್ದಕ್ಕೆ ದಾಖಲೆ ಎಂತ ಉಂಟು?" ಅಂತ ಒಂದು ಸಲ ಕೇಳಿದ್ರೆ ಹಳೇ ಲೆಟರ್‌ಹೆಡ್ ಅಲ್ಲೇ ಸಿಕ್ಕಿಬೀಳ್ತಿತ್ತು. ಹಾಗೇ ಅಕ್ಕನ ಕೇಸಲ್ಲಿ "ಚೆಕ್ ನೋಡಿದ್ದೇನೆ, ಮೆಮೊ ನೋಡಿದ್ದೇನೆ, ನೋಟಿಸ್ ಸಮಯಕ್ಕೆ ಹೋಗಿದೆ" ಅಂತ ಬರ್ದಿದ್ರೆ, "ನೋಡ್ದೇ ಸಮನ್ಸ್ ಕಳಿಸಿದ್ರು" ಅಂತ ಮೇಲೆ ಹೋಗಿ ತಡೆ ತರ್ಲಿಕ್ಕೆ ಅವನಿಗೆ ಅಷ್ಟು ಸುಲಭ ಆಗ್ತಿರ್ಲಿಲ್ಲ. ಕೆಳಗೆ ಉಳಿಸಿದ ಹತ್ತು ನಿಮಿಷಕ್ಕೆ ಮೇಲೆ ಎರಡು ವರ್ಷ ಬಡ್ಡಿ ಕಟ್ಟುದು ಯಾವ ಲೆಕ್ಕ? ಬಿಕಾಂ ಓದುವವ್ರು ನಾವು, ಇಷ್ಟಾದ್ರೂ ಕೇಳ್ಬೇಕಲ್ಲ.

ಮ್ಯಾಜಿಸ್ಟ್ರೇಟರ ಮೇಜಿನ ಮೇಲೆ ದಿನಕ್ಕೆ ಎಷ್ಟು ಫೈಲು ಬೀಳ್ತದೆ ಅನ್ನೋದನ್ನ ಮರೆತು ಹೇಳ್ತಿಲ್ಲ. ಆದ್ರೆ ಆ ಫೈಲಿನ ಇನ್ನೊಂದು ತುದೀಲಿ ಅಡ ಇಟ್ಟ ಬಳೆ ಉಂಟು, ಮದ್ವೆ ದುಡ್ಡು ಉಂಟು.

ಕೊನೆಗೆ ನಿಮ್ಗೆ ಬೇಕಾದದ್ದು. ಮನೆಗೆ ಸಮನ್ಸ್ ಬಂದ್ರೆ ಹೆದರಿ ಬಚ್ಚಿಡ್ಬೇಡಿ, ತಾರೀಖು ತಪ್ಪಿಸ್ಬೇಡಿ. ತಪ್ಪಿಸಿದ್ರೆ ಸಮನ್ಸ್ ವಾರಂಟ್ ಆಗಬಹುದು. ದೂರಿನ ನಕಲು ಮತ್ತೆ ಆದೇಶದ ನಕಲು ಎರಡೂ ತೆಗೆಸಿ, ನಾಗವ್ವ ಪ್ರಕರಣದ ಆ ನಾಲ್ಕು ಸಾಲಿನ ಪಕ್ಕ ಇಟ್ಟು ನೋಡಿ. ಒಂದೂ ಹೊಂದುದಿಲ್ಲ, ಕೊಡ್ಬೇಕಾದ ದುಡ್ಡು ನಿಜ ಅಂತಾದ್ರೆ ಮೇಲೆ ಹೋಗ್ಬೇಡಿ, ಕೊಟ್ಟು ರಾಜಿ ಮಾಡ್ಕೊಳ್ಳಿ. ವಕೀಲರಿಗೆ ದುಡ್ಡಿಲ್ಲ ಅಂದ್ರೆ ತಾಲೂಕು ಕಾನೂನು ಸೇವಾ ಸಮಿತಿ ಉಂಟು, ಅಲ್ಲಿ ಹೆಂಗಸ್ರಿಗೆ ಆದಾಯ ಎಷ್ಟೇ ಇರ್ಲಿ ವಕೀಲರು ಉಚಿತ. ಮತ್ತೆ ಖಾಲಿ ಚೆಕ್ಕಿಗೆ ಸಹಿ ಹಾಕಿ ಯಾರಿಗೂ ಕೊಡ್ಬೇಡಿ, ಸ್ನೇಹಿತ ಆದ್ರೂ. ಸಹಿ ನಿಮ್ದಾದ್ರೆ ಸಾಲ ಇತ್ತು ಅಂತ ಕಾನೂನು ಮೊದ್ಲು ಊಹಿಸಿಕೊಳ್ತದೆ, ಇಲ್ಲ ಅಂತ ತೋರಿಸುದು ನಿಮ್ಮ ತಲೆನೋವು.

ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೇಲಿ ಒಂದು ಮಾತು ಕೇಳಿ: ಬಿಟ್ಟು ಬಂದ ಅಂಗಡಿ, ಫರ್ಮು, ಸಂಘ, ಯಾವ್ದ್ರ ಕಾಗದದಲ್ಲಿ ನಮ್ಮ ಹೆಸ್ರು ಇನ್ನೂ ಉಂಟು?